ಮಾರ್ಗಮಧ್ಯದಲ್ಲಿ ಕೆಟ್ಟು ನಿಂತ ಕಾರಿಗೆ ನೆರವು: ಅರಸೀಕೆರೆ, ಹಳೇಬೀಡು, ಬೇಲೂರು ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಕಾರನ್ನು ಇಟ್ಟುಕೊಂಡವರು ವರ್ಷವರ್ಷವೂ ವಿಮೆಯ ಹಣವನ್ನು ಕಟ್ಟುತ್ತಾರೆ. ಕಟ್ಟಿದ ಮೇಲೆ ದಾರಿಯಲ್ಲಿ ಗಾಡಿಗೆ ಏನೇ ಸಂಭವಿಸಿದರೂ ವಿಮಾ ಕಂಪನಿಯೇ ನೋಡಿಕೊಳ್ಳುವುದೆಂಬ ಭಾವನೆ ಬಹುಮಂದಿಯಲ್ಲಿ ನೆಲೆಸಿದೆ. ಈ ಭಾವನೆ ಅರ್ಧಮಾತ್ರ ಸರಿಯಾದುದು. ಡಿಕ್ಕಿ ಹೊಡೆದು ಜಖಂಗೊಂಡ ಗಾಡಿ ಒಂದು ಬಗೆ. ಯಾವ ಅಪಘಾತವೂ ಇಲ್ಲದೆ ತಾನಾಗಿಯೇ ಕೆಟ್ಟು ನಿಂತ ಗಾಡಿ ಇನ್ನೊಂದು ಬಗೆ. ವಿಮೆಯ ಶಾಸ್ತ್ರ ಇವೆರಡನ್ನೂ ಕಟ್ಟುನಿಟ್ಟಾಗಿ ಬೇರ್ಪಡಿಸಿದೆ. ಎರಡನೆಯ ಬಗೆಗೆ ಬೇಕಾದ ನೆರವನ್ನು ಬೇರೆಯಾಗಿಯೇ ಕೊಳ್ಳಬೇಕು. ಈ ನೆರವಿಗೆ ‘ರೋಡ್‌ಸೈಡ್ ಅಸಿಸ್ಟೆನ್ಸ್’ ಎಂಬ ಹೆಸರು ವ್ಯವಹಾರದಲ್ಲಿ ರೂಢಿಯಾಗಿದೆ. ಅದನ್ನು ನಾವಿಲ್ಲಿ ‘ಮಾರ್ಗ ನೆರವು’ ಎಂದು ಕರೆಯುತ್ತೇವೆ. ಅದನ್ನು ಒದಗಿಸುವವರು ಹಲವರಿರುವಾಗ ಯಾರನ್ನು, ಏನನ್ನು ನೋಡಿ ಆರಿಸಿಕೊಳ್ಳಬೇಕೆಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಪಾಲಿಸಿಯ ಮಾತು. ಮೂರನೆಯ ವ್ಯಕ್ತಿಗೆ ಆಗುವ ಹಾನಿಯ ಬಗ್ಗೆ ವಿಮೆ ಇಳಿಸುವುದು 1988ರ ಮೋಟಾರು ವಾಹನಗಳ ಕಾಯಿದೆಯ 146ನೆಯ ಕಲಮಿನ ಪ್ರಕಾರ ಕಡ್ಡಾಯ. ಈ ಕಡ್ಡಾಯದ ವಿಮೆಗೂ ನಮ್ಮ ಸ್ವಂತ ಗಾಡಿಯ ಸುಖದುಃಖಕ್ಕೂ ಸಂಬಂಧವಿಲ್ಲ. ಸ್ವಂತ ಗಾಡಿಯ ಹಾನಿಯನ್ನೂ ಒಳಗೊಂಡ ಪಾಲಿಸಿಯನ್ನು ಜನ ‘ಫುಲ್ ಇನ್ಷೂರೆನ್ಸ್’ ಎನ್ನುತ್ತಾರೆ. 2002ರ ಭಾರತೀಯ ಮೋಟಾರು ದರಪಟ್ಟಿಯೊಡನೆ ಬಂದ ಪ್ರಮಾಣಿತ ಪಾಲಿಸಿಯ ಒಕ್ಕಣೆಯನ್ನು ಓದಿದವರಿಗೆ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದನೆಯದು, ಯಾಂತ್ರಿಕವಾದ ಅಥವಾ ವಿದ್ಯುತ್ ಸಂಬಂಧವಾದ ಕೆಡುಕಿಗೂ ಸವಕಳಿಗೂ ಕಂಪನಿ ಹೊಣೆಯಲ್ಲವೆಂದು ಅದರಲ್ಲಿ ಹೇಳಿದೆ. ಎರಡನೆಯದು, ಗಾಡಿಯನ್ನು ಸಮೀಪದ ದುರಸ್ತಿಗಾರನಲ್ಲಿಗೆ ಸಾಗಿಸುವ ವೆಚ್ಚವನ್ನು ಕಂಪನಿ ಕೊಡುತ್ತದೆಯಾದರೂ, ಪಾಲಿಸಿಗೆ ಒಳಪಟ್ಟ ಹಾನಿಯಿಂದ ಗಾಡಿ ನಿಂತಾಗ ಮಾತ್ರ ಕೊಡುತ್ತದೆ. ಅದೂ ಖಾಸಗಿ ಕಾರಿಗೆ ಒಂದು ಅಪಘಾತಕ್ಕೆ 1500 ರೂಪಾಯಿಗಳನ್ನು ಮೀರದಂತೆ. ರೇಡಿಯೇಟರಿನ ನೀರು ಆರಿ ಎಂಜಿನ್ ಕಾದು ನಿಂತರೆ, ಕ್ಲಚ್ಚು ಸುಟ್ಟರೆ, ಬ್ಯಾಟರಿ ಸತ್ತರೆ ಈ 1500 ರೂಪಾಯಿಯ ಮಾತೇ ಏಳುವುದಿಲ್ಲ. ಫುಲ್ ಎಂಬ ವಿಶೇಷಣ ಎಷ್ಟು ಅಪೂರ್ಣವೆಂಬುದನ್ನು ಇದರಿಂದ ಊಹಿಸಬಹುದು.

ಕೆಟ್ಟು ನಿಂತ ಗಾಡಿಗೆ ನೆರವು ನೀಡುವ ಪದ್ಧತಿ ವಿಮಾ ಕಂಪನಿಗಳಿಂದ ಹುಟ್ಟಿದುದಲ್ಲ. ಮಾಲಿಕರೇ ಕೂಡಿ ಕಟ್ಟಿಕೊಂಡ ಸಂಘಗಳಿಂದ ಬೆಳೆದುದು. ಇಂಗ್ಲೆಂಡಿನ ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಹುಟ್ಟಿದಾಗ ಅದರ ಉದ್ದೇಶ ವೇಗದ ಮಿತಿಯನ್ನು ಮೀರುವವರನ್ನು ಹಿಡಿಯಲು ಕಾದಿರುತ್ತಿದ್ದ ಪೋಲೀಸರ ವಿಷಯದಲ್ಲಿ ಸದಸ್ಯರಿಗೆ ಎಚ್ಚರಿಕೆ ಕೊಡುವುದಾಗಿತ್ತೆಂಬುದು ವಿನೋದದ ಸಂಗತಿ. ದುರಸ್ತಿಯ ನೆರವು ಆಮೇಲೆ ಬಂದದ್ದು. ಜರ್ಮನಿಯ ಮೋಟಾರು ಸಂಘ 1954ರಲ್ಲಿ ತನ್ನ ಮಾರ್ಗ ಗಸ್ತನ್ನು ಆರಂಭಿಸಿತು. ನಮ್ಮ ದೇಶದಲ್ಲಿ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ 1919ರಷ್ಟು ಹಳೆಯದು. ಸಂಘದ ಪದ್ಧತಿಯಲ್ಲಿ ನೆರವು ಕೊಡುವವನೂ ಪಡೆಯುವವನೂ ಒಂದೇ ಕೂಟದವರು. ಈಗಿನ ಕರಾರಿನ ಪದ್ಧತಿಯಲ್ಲಿ ಹಾಗಲ್ಲ. ಹಣ ಪಡೆಯುವವನು ಒಬ್ಬ, ಫೋನಿಗೆ ಉತ್ತರ ಕೊಡುವವನು ಇನ್ನೊಬ್ಬ, ಕ್ರೇನು ತರುವವನು ಮತ್ತೊಬ್ಬ. ಆರಿಸಿಕೊಳ್ಳುವ ಕಷ್ಟವೆಲ್ಲ ಈ ಅಂತರದಲ್ಲಿಯೇ ಅಡಗಿದೆ.

ಇಂದು ಮಾರ್ಗ ನೆರವು ಮಾಲಿಕನಿಗೆ ದೊರೆಯುವ ದಾರಿಗಳು ಮುಖ್ಯವಾಗಿ ಮೂರು. ಹೊಸ ಕಾರಿನೊಡನೆ ತಯಾರಕರೇ ಕೆಲವು ವರ್ಷಗಳ ಮಟ್ಟಿಗೆ ಕೊಡುವುದುಂಟು. ಅವಧಿ ಮುಗಿದ ಮೇಲೆ ಹಣ ಕೊಟ್ಟು ಮುಂದುವರಿಸಬಹುದು. ವಿಮಾ ಕಂಪನಿಗಳು ಸ್ವಂತ ಹಾನಿಯ ಪಾಲಿಸಿಗೆ ಅಲ್ಪ ಮೊತ್ತಕ್ಕೆ ಇದನ್ನು ಜೋಡಿಸುತ್ತವೆ. ಈ ಎರಡಕ್ಕೂ ಸೇರದೆ, ಬೆಂಗಳೂರಿನ ರೆಡಿಅಸಿಸ್ಟ್‌ನಂಥ ಸಂಸ್ಥೆಗಳು ನೇರವಾಗಿ ವಾರ್ಷಿಕ ಸದಸ್ಯತ್ವವನ್ನು ಮಾರುತ್ತವೆ. ಮಾಲಿಕನು ಮೊದಲು ಮಾಡಬೇಕಾದ ಕೆಲಸವೆಂದರೆ ಹೊಸದನ್ನು ಕೊಳ್ಳುವುದಲ್ಲ, ತನ್ನಲ್ಲಿ ಆಗಲೇ ಯಾವುದು ಇದೆಯೆಂದು ಕಾಗದಗಳನ್ನು ತೆಗೆದು ನೋಡುವುದು. ತಯಾರಕರ ನೆರವು ಚಾಲ್ತಿಯಲ್ಲಿರುವಾಗಲೇ ಪಾಲಿಸಿಯೊಡನೆ ಇನ್ನೊಂದನ್ನು ಕೊಂಡು, ಒಂದೇ ಕ್ರೇನಿಗೆ ಎರಡು ಕಡೆ ಹಣ ತೆರುವುದು ಸುಲಭವಾಗಿ ನಡೆದುಹೋಗುತ್ತದೆ.

ಇನ್ನು ಸ್ಥಳದ ವಿಚಾರ. ಅರಸೀಕೆರೆಯಿಂದ ಬಾಣಾವರ, ಜಾವಗಲ್‌ಗಳ ಮೇಲೆ ಹಳೇಬೀಡು, ಅಲ್ಲಿಂದ ಸುಮಾರು 16 ಕಿಲೋಮೀಟರು ನಡೆದರೆ ಬೇಲೂರು, ಮುಂದೆ ಮೂಡಿಗೆರೆ, ಚಾರ್ಮಾಡಿ ಘಾಟಿ, ಕೊನೆಗೆ ಮಂಗಳೂರು. ಇದು 73ನೆಯ ರಾಷ್ಟ್ರೀಯ ಹೆದ್ದಾರಿಯ ದಾರಿ. ಬೇಲೂರಿನ ಚೆನ್ನಕೇಶವ ದೇವಾಲಯ 1117ರಲ್ಲಿ ಪ್ರತಿಷ್ಠಿತವಾದುದು. ಹಳೇಬೀಡಿನ ಹೊಯ್ಸಳೇಶ್ವರ ಅದೇ ಶತಮಾನದ್ದು. ಸೋಮನಾಥಪುರದ ಕೇಶವಾಲಯವೂ ಸೇರಿ ಇವು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆದ್ದರಿಂದ ಈ ದಾರಿಯಲ್ಲಿ ಓಡಾಡುವ ಕಾರುಗಳಲ್ಲಿ ಸ್ಥಳೀಯರದಕ್ಕಿಂತ ಪರಸ್ಥಳದವರ ಗಾಡಿಗಳಿಗೇ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾದುದು. ಸ್ಥಳೀಯನಿಗೆ ಪರಿಚಯದ ಮೆಕ್ಯಾನಿಕ್ ಇದ್ದಾನೆ. ಅವನ ಫೋನು ಯಾವ ಕರಾರಿಗಿಂತಲೂ ಶೀಘ್ರಫಲದಾಯಕ. ಅರಸೀಕೆರೆಯಿಂದ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗಿ ಸಂಜೆಗೆ ಹಿಂತಿರುಗುವುದೇ ಮುಖ್ಯ ಪ್ರಯಾಣವಾಗಿರುವವನು ಮಾರ್ಗ ನೆರವನ್ನು ಕೊಳ್ಳದಿದ್ದರೂ ನಡೆದೀತೆಂಬುದು ನಮ್ಮ ಅಭಿಪ್ರಾಯ. ಮಕ್ಕಳು ಮುದುಕರನ್ನು ಕೂರಿಸಿಕೊಂಡು ಎರಡು ದೇವಾಲಯಗಳನ್ನು ನೋಡಿ, ಕತ್ತಲಾದ ಮೇಲೆ ಊರಿಗೆ ಹೊರಡುವ ಸಂಸಾರದ ಸ್ಥಿತಿ ಹಾಗಲ್ಲ.

ಇಂಥ ಸಂಸಾರದ ಕಾರು ಬೇಲೂರಿನಲ್ಲಿ ಕೆಟ್ಟಿತೆನ್ನೋಣ. ಪಂಕ್ಚರಾಗಲಿ ಬ್ಯಾಟರಿಯಾಗಲಿ ಆದರೆ ಊರಿನಲ್ಲಿಯೇ ಪರಿಹಾರವುಂಟು. ಕಂಪ್ಯೂಟರ್ ಜೋಡಿಸಿ ಪರೀಕ್ಷಿಸಬೇಕಾದ ದೋಷವಾದರೆ ಗಾಡಿಯನ್ನು ಹಾಸನಕ್ಕೆ, ಅಂದರೆ ಸುಮಾರು 40 ಕಿಲೋಮೀಟರು ದೂರಕ್ಕೆ, ಸಾಗಿಸಬೇಕಾದೀತು. ಹಳೇಬೀಡಿನಿಂದ ಹಾಸನ ಸುಮಾರು 30 ಕಿಲೋಮೀಟರು. ಅರಸೀಕೆರೆಯಿಂದ ಸುಮಾರು 45. ಎಳೆದೊಯ್ಯುವ ಉಚಿತ ದೂರಕ್ಕೆ ಪ್ರತಿಯೊಂದು ಕರಾರಿನಲ್ಲಿಯೂ ಮಿತಿಯುಂಟು. ಆ ಮಿತಿಯನ್ನು ಅಳೆಯುವ ಬಗೆಯಲ್ಲಿಯೂ ಭೇದವುಂಟು. ಗಾಡಿಯನ್ನು ಹೊತ್ತು ಸಾಗಿದ ದೂರವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ಒಂದು ಕ್ರಮ. ಕ್ರೇನು ತನ್ನ ನೆಲೆಯಿಂದ ಹೊರಟು ಹಿಂತಿರುಗುವವರೆಗಿನ ಇಡೀ ಓಟವನ್ನು ಹಿಡಿಯುವುದು ಇನ್ನೊಂದು.

ಲೆಕ್ಕಕ್ಕಾಗಿ ಒಂದು ದರವನ್ನು ಕಲ್ಪಿಸಿಕೊಳ್ಳೋಣ: ಮಿತಿ ಮೀರಿದ ಪ್ರತಿ ಕಿಲೋಮೀಟರಿಗೆ 30 ರೂಪಾಯಿ. ಉಚಿತ ಮಿತಿ 50 ಕಿಲೋಮೀಟರಿದ್ದು, ಹೊತ್ತ ದೂರವನ್ನು ಮಾತ್ರ ಅಳೆದರೆ ಬೇಲೂರಿನಿಂದ ಹಾಸನಕ್ಕೆ ಮಾಲಿಕನು ಏನನ್ನೂ ಕೊಡಬೇಕಾಗಿಲ್ಲ. ಅದೇ 50ರ ಮಿತಿಯಲ್ಲಿ ಹಾಸನದಿಂದ ಬಂದ ಕ್ರೇನಿನ ಹೋಗಿಬರುವ ಓಟವನ್ನು ಅಳೆದರೆ 80 ಕಿಲೋಮೀಟರಾಗುತ್ತದೆ. ಹೆಚ್ಚಿನ 30 ಕಿಲೋಮೀಟರಿಗೆ 900 ರೂಪಾಯಿ ತೆರಬೇಕು. ಮಿತಿ 25 ಆಗಿದ್ದರೆ ಮೊದಲ ಕ್ರಮದಲ್ಲಿ 450, ಎರಡನೆಯದರಲ್ಲಿ 1650 ರೂಪಾಯಿ. ಎರಡು ಕಂಪನಿಗಳು ಒಂದೇ 50 ಕಿಲೋಮೀಟರಿನ ಮಾತನ್ನಾಡಿ, ಒಂದೇ ಬೆಲೆಯನ್ನು ಹೇಳಿ, ರಾತ್ರಿ ರಸ್ತೆಯಲ್ಲಿ ನಿಂತವನಿಗೆ ಬೇರೆ ಬೇರೆ ಬಿಲ್ಲನ್ನು ಒಡ್ಡಬಹುದು. ಕರಪತ್ರದಲ್ಲಿ ಅಚ್ಚಾದ ಸೇವೆಗಳ ಸಂಖ್ಯೆ ಹನ್ನೆರಡೊ ಹದಿನೈದೊ ಎಂದು ಎಣಿಸುವುದಕ್ಕಿಂತ ಈ ಒಂದು ಪ್ರಶ್ನೆಯನ್ನು ಕೇಳುವುದು ಲೇಸು.

ಕ್ರೇನು ಎಲ್ಲಿಂದ ಬರುತ್ತದೆ ಎಂಬುದು ಅದಕ್ಕೂ ಮುಖ್ಯವಾದ ಪ್ರಶ್ನೆ. ಕರಾರನ್ನು ಮಾರುವ ವಿಮಾ ಕಂಪನಿ ಸಾಮಾನ್ಯವಾಗಿ ಸ್ವಂತ ಕ್ರೇನುಗಳನ್ನು ಇಟ್ಟುಕೊಂಡಿರುವುದಿಲ್ಲ. ಅದು ನೆರವಿನ ಸಂಸ್ಥೆಯೊಂದಕ್ಕೆ ಕೆಲಸವನ್ನು ವಹಿಸುತ್ತದೆ. ಆ ಸಂಸ್ಥೆ ಊರೂರಿನ ಕ್ರೇನು ಮಾಲಿಕರನ್ನು ಗೊತ್ತುಮಾಡಿಕೊಂಡಿರುತ್ತದೆ. ಬೆಂಗಳೂರಿನಲ್ಲಿ ಬಹು ಚೆನ್ನಾಗಿ ನಡೆಯುವ ಸೇವೆ ಜಾವಗಲ್ಲಿನ ಬಳಿ ಸೋಲುವುದಕ್ಕೆ, ಬೆಂಗಳೂರಿನಲ್ಲಿ ಹೆಸರಿಲ್ಲದ ಸೇವೆ ಹಾಸನದಲ್ಲಿ ಗೆಲ್ಲುವುದಕ್ಕೆ ಇದೇ ಕಾರಣ. ನಗರದ ಸ್ನೇಹಿತರ ಪ್ರಶಂಸೆ ಈ ವಿಷಯದಲ್ಲಿ ಅಷ್ಟೇನೂ ಪ್ರಮಾಣವಲ್ಲ. ಕೊಳ್ಳುವ ಮೊದಲು ಸಂಸ್ಥೆಯ ಫೋನಿಗೆ ಕರೆಮಾಡಿ, ಹಾಸನ, ಅರಸೀಕೆರೆ, ಚಿಕ್ಕಮಗಳೂರುಗಳಲ್ಲಿ ತಮಗೆ ಗೊತ್ತಾದ ಕ್ರೇನು ಇದೆಯೆ, ರಾತ್ರಿಯೂ ಹೊರಡುತ್ತದೆಯೆ ಎಂದು ವಿಚಾರಿಸಬೇಕು. ಫೋನೆತ್ತಿದವರು ಕನ್ನಡದಲ್ಲಿ ಮಾತನಾಡಬಲ್ಲರೆ, ಜಾವಗಲ್ ಎಂದರೆ ಯಾವ ದಿಕ್ಕು ಎಂಬುದು ಅವರಿಗೆ ತಿಳಿಯುವುದೆ ಎಂಬುದೂ ಆ ಒಂದು ಕರೆಯಿಂದಲೇ ಗೊತ್ತಾಗುತ್ತದೆ. ಕರಾರಿನ ಮೇಲೆ ‘ಭಾರತದಾದ್ಯಂತ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ತೃಪ್ತರಾಗಬಾರದು. ಕೆಲವು ಕರಾರುಗಳು ಗುಡ್ಡಗಾಡನ್ನೊ ಕಚ್ಚಾ ರಸ್ತೆಯನ್ನೊ ಬೇರೆಡೆ ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತವೆ. ಬೇಲೂರಿನಿಂದ ಮುಂದೆ ಚಾರ್ಮಾಡಿಯ ಕಡೆ ಇಳಿಯುವವರು ಈ ಅಂಶವನ್ನು ವಿಶೇಷವಾಗಿ ಪರಿಶೀಲಿಸತಕ್ಕದ್ದು. 2019ರ ಮಳೆಗಾಲದಲ್ಲಿ ಭೂಕುಸಿತದಿಂದ ಆ ಘಾಟಿಯ ಸಂಚಾರವೇ ನಿಂತುಹೋಗಿತ್ತು. ಅಂಥ ದಿನಗಳಲ್ಲಿ ಯಾವ ಕರಾರಿನ ಕ್ರೇನೂ ಹತ್ತಲಾರದು.

ಬರುವ ಕ್ರೇನು ಯಾವ ಬಗೆಯದೆಂಬುದನ್ನೂ ಅಲಕ್ಷಿಸುವಂತಿಲ್ಲ. ಮುಂದಿನ ಅಥವಾ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಎತ್ತಿ, ಉಳಿದೆರಡನ್ನು ರಸ್ತೆಯ ಮೇಲೆ ಉರುಳಿಸಿಕೊಂಡು ಹೋಗುವ ಗಾಡಿ ಅಗ್ಗವಾದುದು, ಎಲ್ಲೆಡೆಯೂ ದೊರೆಯುವಂಥದು. ಮುಂಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ಸಾಧಾರಣ ಕಾರಿನ ಮುಂಭಾಗವನ್ನೆತ್ತಿ ಒಯ್ದರೆ ಬಾಧಕವಿಲ್ಲ. ನಾಲ್ಕೂ ಚಕ್ರಗಳಿಗೆ ಬಲ ಹೋಗುವ ಕಾರು, ವಿದ್ಯುತ್ ಕಾರು ಇವುಗಳನ್ನು ಹಾಗೆ ಎಳೆದರೆ ಉರುಳುವ ಚಕ್ರಗಳು ಒಳಗಿನ ಯಂತ್ರವನ್ನೂ ತಿರುಗಿಸಿ ಕೆಡಿಸಬಹುದು. ಆಟೊಮ್ಯಾಟಿಕ್ ಗೇರಿನ ಕಾರಿನಲ್ಲಿಯೂ ಬಲ ಪಡೆಯುವ ಚಕ್ರಗಳು ನೆಲದ ಮೇಲೆ ಉರುಳುವಂತಿಲ್ಲ. ಇವುಗಳನ್ನು ಸಪಾಟಾದ ಹಾಸಿನ ಲಾರಿಯ ಮೇಲೆ ಇಡಿಯಾಗಿ ಹೇರಿ ಸಾಗಿಸುವುದು ಕ್ಷೇಮ. ಅಂಥ ಕಾರಿನ ಮಾಲಿಕನು ‘ಹಾಸಿನ ಲಾರಿ’ ಎಂಬ ಮಾತು ಕರಾರಿನಲ್ಲಿಯೇ ಬರೆದಿದೆಯೆ ಎಂದು ನೋಡಬೇಕು. ಬರೆದಿರದಿದ್ದರೆ ಬೇರೆ ಕರಾರನ್ನು ಹುಡುಕುವುದೇ ಸರಿ. ವಿದ್ಯುತ್ ಕಾರಿನ ಚಾರ್ಜು ಮುಗಿದು ನಿಂತರೆ ಅದನ್ನು ಕೆಟ್ಟ ಗಾಡಿಯೆಂದು ಎಣಿಸುವರೊ ಇಲ್ಲವೊ ಎಂಬುದನ್ನೂ ಕೇಳಿ ತಿಳಿಯಬೇಕು.

ಉಳಿದ ಷರತ್ತುಗಳನ್ನು ಸಂಕ್ಷೇಪವಾಗಿ ಹೇಳಬಹುದು. ವರ್ಷಕ್ಕೆ ಇಷ್ಟು ಸಲ ಎಂಬ ಮಿತಿ ಇರುತ್ತದೆ. ಹೊಸ ಸದಸ್ಯತ್ವ ಕೊಂಡ ಕೂಡಲೆ ಜಾರಿಗೆ ಬಾರದೆ ಕೆಲವು ದಿನ ಕಾಯಬೇಕಾಗುವುದುಂಟು. ಗಾಡಿ ನಿಂತ ಮೇಲೆ ಕರಾರು ಕೊಳ್ಳುವವರನ್ನು ತಡೆಯುವುದಕ್ಕೆ ಇದು ಉಪಾಯ. ಪೆಟ್ರೋಲನ್ನು ತಂದುಕೊಡುವ ಕೆಲಸ ಉಚಿತ, ಪೆಟ್ರೋಲಿನ ಬೆಲೆ ಉಚಿತವಲ್ಲ. ಸ್ಟೆಪ್ನಿಯನ್ನು ಹಾಕಿಕೊಡುತ್ತಾರೆ, ಆದರೆ ಸ್ಟೆಪ್ನಿಯಲ್ಲಿಯೇ ಗಾಳಿಯಿಲ್ಲದಿದ್ದರೆ ಮುಂದಿನ ಖರ್ಚು ನಮ್ಮದಾದೀತು. ವಸತಿ ಮತ್ತು ಬಾಡಿಗೆ ಕಾರಿನ ಸೌಲಭ್ಯವನ್ನು ಕೆಲವರು ಬಹಳವಾಗಿ ಹೊಗಳುತ್ತಾರೆ. ಅರಸೀಕೆರೆಯಲ್ಲಿ ನಿಂತವನಿಗೆ ಅದರ ಬೆಲೆ ಕಡಮೆ, ಏಕೆಂದರೆ ಬೆಂಗಳೂರು ಹುಬ್ಬಳ್ಳಿ ಮಾರ್ಗದ ರೈಲ್ವೆ ಜಂಕ್ಷನ್ನು ಅಲ್ಲಿಯೇ ಇದೆ. ಹಳೇಬೀಡಿನಲ್ಲಿ ನಿಂತವನಿಗೆ ಅದರ ಬೆಲೆ ಹೆಚ್ಚು.

ಹಣವಿಲ್ಲದೆ ದೊರೆಯುವ ನೆರವೂ ಒಂದುಂಟು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಸಹಾಯವಾಣಿ 1033 ಹಗಲೂ ರಾತ್ರಿಯೂ ನಡೆಯುತ್ತದೆ. ಸುಂಕ ವಸೂಲಿ ಮಾಡುವ ಹೆದ್ದಾರಿಗಳಲ್ಲಿ, ಉದಾಹರಣೆಗೆ ಬೆಂಗಳೂರು ಹಾಸನ ರಸ್ತೆಯಲ್ಲಿ, ಗಸ್ತಿನ ಗಾಡಿಯೂ ಕ್ರೇನೂ ಇರುವುದರಿಂದ ಅದರ ಪ್ರಯೋಜನ ಹೆಚ್ಚು. ಆದರೆ ಅದರ ಮುಖ್ಯ ಉದ್ದೇಶ ರಸ್ತೆಯನ್ನು ತೆರವು ಮಾಡುವುದು; ನಮ್ಮ ಇಷ್ಟದ ಗ್ಯಾರೇಜಿಗೆ ಗಾಡಿಯನ್ನು ತಲುಪಿಸುವುದಲ್ಲ. ಪ್ರಾಣಾಪಾಯದ ಶಂಕೆಯಿದ್ದರೆ ಗಾಡಿಯ ಚಿಂತೆಯನ್ನು ಬದಿಗಿಟ್ಟು 112ಕ್ಕೆ ಕರೆಮಾಡಬೇಕು.

ಕೊನೆಯದಾಗಿ, ನೆರವು ಬಾರದೆ ಹೋದರೆ ಯಾರನ್ನು ಕೇಳಬೇಕೆಂಬ ವಿಷಯ. ಈ ದೃಷ್ಟಿಯಿಂದ ಪಾಲಿಸಿಗೆ ಜೋಡಿಸಿದ ನೆರವಿಗೂ ಬಿಡಿ ಸದಸ್ಯತ್ವಕ್ಕೂ ದೊಡ್ಡ ವ್ಯತ್ಯಾಸವಿದೆ. ಜೋಡಿಸಿದ ನೆರವು ವಿಮೆಯ ಕರಾರಿನ ಭಾಗ. ಕಂಪನಿಗೆ ಬರೆದ ದೂರಿಗೆ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿರದಿದ್ದರೆ, ಖರ್ಚಿಲ್ಲದೆ ವಿಮಾ ಲೋಕಪಾಲರ ಬೆಂಗಳೂರು ಕಚೇರಿಗೆ ಮನವಿ ಸಲ್ಲಿಸಬಹುದು. ಬಿಡಿ ಸದಸ್ಯತ್ವ ವಿಮೆಯಲ್ಲ, ಸೇವೆಯ ಮಾರಾಟ. ಅದರ ದೂರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಆಯೋಗಕ್ಕೆ ಒಯ್ಯಬೇಕು. ಆ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದ್ದರಿಂದ, ಅರಸೀಕೆರೆಯವನು ಕಂಪನಿಯ ಊರಿಗೆ ಅಲೆಯಬೇಕಾಗಿಲ್ಲ. ಎರಡು ದಾರಿಗಳಲ್ಲಿಯೂ ಬೇಕಾಗುವ ಸಾಕ್ಷ್ಯ ಒಂದೇ: ಕರೆಮಾಡಿದ ವೇಳೆ, ಸಂಸ್ಥೆ ಕೊಟ್ಟ ದೂರಿನ ಸಂಖ್ಯೆ, ಕ್ರೇನು ಬರುವುದೆಂದು ಅವರು ಹೇಳಿದ ಹೊತ್ತು, ನಿಜವಾಗಿ ಬಂದ ಹೊತ್ತು, ಹೊರಗಿನಿಂದ ಕ್ರೇನು ತರಿಸಿದ್ದರೆ ಅದರ ರಸೀದಿ. ಆದರೆ ಸ್ವಂತವಾಗಿ ತರಿಸಿದ ಕ್ರೇನಿನ ಹಣವನ್ನು ಹಿಂದಕ್ಕೆ ಕೊಡುವುದಿಲ್ಲವೆಂಬ ಷರತ್ತು ಹಲವು ಕರಾರುಗಳಲ್ಲಿ ಇರುವುದರಿಂದ, ಅದನ್ನು ಕರೆಯುವ ಮುಂಚೆ ಸಂಸ್ಥೆಯಿಂದ ‘ನಮ್ಮಿಂದಾಗದು, ನೀವೇ ತರಿಸಿಕೊಳ್ಳಿ’ ಎಂಬ ಮಾತನ್ನು ಮೊಬೈಲಿನ ಸಂದೇಶದಲ್ಲಿ ಪಡೆದುಕೊಂಡಿರುವುದು ಅವಶ್ಯ.