ನಿಮಗಿದು ಗೊತ್ತೇ? ಮನೆ ಮುಂದಿನ ಹಳೇ ಕಾರು ರ್ಯಾಲಿಗೆ ಹೊರಟರೆ...

ಬಂಗಾರಪೇಟೆ ಬಿಟ್ಟ ರೈಲು ಬಿಇಎಂಎಲ್ ನಗರ, ಕೋರಮಂಡಲ್, ಉರಿಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಹಳಿಯಿಲ್ಲ. 2001ರ ಫೆಬ್ರುವರಿ 28ರಂದು ಇಲ್ಲಿನ ಕೋಲಾರ ಚಿನ್ನದ ಗಣಿ (ಕೆಜಿಎಫ್) ಮುಚ್ಚಿತು. ಆದರೆ ವೆಲ್ಡಿಂಗು, ಫಿಟ್ಟಿಂಗು, ಟಿಂಕರ್ ಕೆಲಸ ಬಲ್ಲ ಕೈಗಳು ಊರಲ್ಲೇ ಉಳಿದವು. ಟಾರ್ಪಾಲು ಹೊದ್ದು ಮನೆ ಮುಂದೆ ನಿಂತ ಹಳೇ ಮಾರುತಿಯನ್ನು ನೋಡಿದಾಗ ಇಂಥ ಊರಿನ ಹುಡುಗರಿಗೆ ಒಂದು ಆಸೆ ಹುಟ್ಟುವುದು ಸಹಜ: ಇದನ್ನೇ ರ್ಯಾಲಿ ಕಾರು ಮಾಡಿದರೆ? ಮಾಡಬಹುದು. ಸ್ಪ್ಯಾನರ್ ಹಿಡಿಯುವ ಮೊದಲು ಇಷ್ಟು ತಿಳಿದಿರಲಿ.

● ರ್ಯಾಲಿಯಲ್ಲಿ ಕಾರುಗಳು ಒಂದರ ಪಕ್ಕ ಒಂದು ಓಡುವುದಿಲ್ಲ. ಒಂದೆರಡು ನಿಮಿಷದ ಅಂತರದಲ್ಲಿ ಒಂದೊಂದಾಗಿ ಹೊರಡುತ್ತವೆ. ಎದುರಾಳಿ ಗಡಿಯಾರವೇ. ವೇಗದ ಓಟಕ್ಕೆ ಮುಚ್ಚಿದ ರಸ್ತೆಯ ತುಣುಕುಗಳಿರುತ್ತವೆ, ಅವಕ್ಕೆ ‘ಸ್ಟೇಜ್’ ಎಂದು ಹೆಸರು. ಒಂದು ಸ್ಟೇಜಿನಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲರಂತೆ ಸಿಗ್ನಲ್ಲಿಗೆ ನಿಲ್ಲಬೇಕು. ಹಾಗಾಗಿ ರ್ಯಾಲಿ ಕಾರಿಗೂ ನಂಬರ್ ಪ್ಲೇಟು, ಹಾರ್ನು, ದೀಪ, ವಿಮೆ ಎಲ್ಲವೂ ಬೇಕು.

● ಸಣ್ಣ ಕಾರು ಎಂದು ಹಿಂಜರಿಯಬೇಕಿಲ್ಲ. 1964ರ ಮಾಂಟೆ ಕಾರ್ಲೊ ರ್ಯಾಲಿಯನ್ನು ಪ್ಯಾಡಿ ಹಾಪ್‌ಕರ್ಕ್ ಗೆದ್ದದ್ದು 1071 ಸಿಸಿಯ ಮಿನಿ ಕೂಪರ್ ಎಸ್ ಕಾರಿನಲ್ಲಿ. ಎರಡನೇ ಸ್ಥಾನಕ್ಕೆ ಇಳಿದದ್ದು ವಿ8 ಇಂಜಿನಿನ ಫೋರ್ಡ್ ಫಾಲ್ಕನ್. ಅಡ್ಡಲಾಗಿ ಕೂರಿಸಿದ ಇಂಜಿನ್, ಎಳೆಯುವ ಮುಂದಿನ ಚಕ್ರ: ಮಿನಿಯ ಈ ವಿನ್ಯಾಸವೇ ನಮ್ಮ ಮಾರುತಿ 800ರದ್ದೂ.

● ಮೊದಲ ಮಾರುತಿ 800 ಮಾಲೀಕರ ಕೈ ಸೇರಿದ್ದು 1983ರ ಡಿಸೆಂಬರ್ 14ರಂದು. 796 ಸಿಸಿ, ಮೂರು ಸಿಲಿಂಡರ್, 12 ಇಂಚಿನ ಚಕ್ರ, ಸುಮಾರು 650 ಕಿಲೊ ತೂಕ. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. 1993ರಲ್ಲಿ ಬಂದ ಜೆನ್‌ಗೆ 993 ಸಿಸಿಯ ಅಲ್ಯೂಮಿನಿಯಂ ಇಂಜಿನ್. ಎರಡೂ ನಮ್ಮ ಸ್ಥಳೀಯ ರ್ಯಾಲಿಗಳಲ್ಲಿ ವರ್ಷಗಟ್ಟಲೆ ಮಣ್ಣು ತಿಂದ ಕಾರುಗಳು. ಹಗುರವಾದ ಕಾರನ್ನು ನಿಲ್ಲಿಸುವುದು ಸುಲಭ, ಗುಂಡಿಯಿಂದ ನಾಲ್ಕು ಜನ ಎತ್ತುವುದೂ ಸುಲಭ. ಬಿಡಿಭಾಗ ಗುಜರಿಯಲ್ಲಿ ಸಿಗುತ್ತದೆ.

● ಮೊದಲು ಬೇಕಾದ ಉಪಕರಣ ಹಳೇ ಸ್ಕ್ರೂಡ್ರೈವರ್. ಸೀಟು, ಕಾರ್ಪೆಟ್ ಕಿತ್ತು ಹಾಕಿ, ಅದರ ಹಿಡಿಯಿಂದ ನೆಲದ ತಗಡನ್ನು ಅಂಗೈಯಗಲಕ್ಕೊಂದು ಸಲ ತಟ್ಟುತ್ತಾ ಹೋಗಿ. ಗಟ್ಟಿ ತಗಡು ‘ಠಣ್’ ಎನ್ನುತ್ತದೆ. ತುಕ್ಕು ತಿಂದದ್ದು ‘ಡಬ್’ ಎನ್ನುತ್ತದೆ. ಡಬ್ ಎಂದ ಕಡೆ ಮೊನೆಯಿಂದ ಒತ್ತಿ ನೋಡಿ. ಮೇಲೆ ಬಣ್ಣ ಚೆನ್ನಾಗಿಯೇ ಇರುತ್ತದೆ, ಒಳಗೆ ಹಪ್ಪಳದಂತೆ ಮುರಿದು ಕಂದು ಪುಡಿ ಉದುರುತ್ತದೆ. ಡ್ರೈವರ್ ಕಾಲ ಕೆಳಗೆ, ಬಾಗಿಲ ಕೆಳಗಿನ ಪಟ್ಟಿ, ಬಾನೆಟ್ಟಿನೊಳಗೆ ಶಾಕ್ ಅಬ್ಸಾರ್ಬರ್ ಬೋಲ್ಟು ಕೂರುವ ಗೋಪುರ, ಇವು ಮೂರು ಮುಖ್ಯ. ಗೋಪುರಕ್ಕೇ ತುಕ್ಕು ಹಿಡಿದಿದ್ದರೆ ಆ ಕಾರನ್ನು ಅಲ್ಲಿಗೇ ಬಿಡಿ, ಬೇರೆ ಹುಡುಕಿ.

● ಸದ್ದು ತಡೆಯಲು ಕಂಪನಿಯವರು ನೆಲಕ್ಕೆ ಅಂಟಿಸಿದ ಡಾಂಬರಿನ ಹಾಳೆಯನ್ನು ಕೆರೆಯುವುದಕ್ಕಿಂತ ಹೆಪ್ಪುಗಟ್ಟಿಸಿ ಒಡೆಯುವುದು ಸುಲಭ. ಡ್ರೈ ಐಸ್‌ನ ಶೀತ ಮೈನಸ್ 78.5 ಡಿಗ್ರಿ ಸೆಲ್ಸಿಯಸ್. ಕೆಲವು ನಿಮಿಷ ಹರವಿ ಸುತ್ತಿಗೆಯಿಂದ ತಟ್ಟಿದರೆ ಹಾಳೆ ಗಾಜಿನಂತೆ ಸಿಡಿಯುತ್ತದೆ. ದಪ್ಪ ಕೈಗವಸು ಇರಲಿ, ಬಾಗಿಲು ತೆರೆದಿರಲಿ. ಮುಚ್ಚಿದ ಜಾಗದಲ್ಲಿ ಆ ಅನಿಲ ಉಸಿರು ಕಟ್ಟಿಸುತ್ತದೆ.

● ಕಾರ್ಖಾನೆಯಲ್ಲಿ ತಗಡನ್ನು ಚುಕ್ಕೆ ಚುಕ್ಕೆಯಾಗಿ ಬೆಸೆದಿರುತ್ತಾರೆ. ಮಣ್ಣಿನ ದಾರಿಯ ಕುಲುಕಾಟಕ್ಕೆ ಆ ಚುಕ್ಕೆಗಳ ನಡುವಿನ ತಗಡು ಬಾಯಿ ಬಿಡುತ್ತದೆ. ಅದಕ್ಕೇ ನಡುನಡುವೆ ತುಂಡು ತುಂಡಾಗಿ ವೆಲ್ಡಿಂಗ್ ಕೂರಿಸುತ್ತಾರೆ. ಒಂದೇ ಕಡೆ ಉದ್ದಕ್ಕೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಇಲ್ಲೊಂದು, ಆಚೆ ಬದಿಯಲ್ಲೊಂದು, ನಡುವೆ ತಣಿಯಲು ಸಮಯ, ಹೀಗೆ ಸಾಗಬೇಕು.

● ‘ಕೇಜ್’ ಎಂಬ ಮಾತು ಕೆಜಿಎಫ್‌ಗೆ ಹೊಸದಲ್ಲ. ಚಾಂಪಿಯನ್ ರೀಫ್ ಗಣಿಯ ಆಳ ಸುಮಾರು 3.2 ಕಿ.ಮೀ.; ಕಾರ್ಮಿಕರು ಶಾಫ್ಟಿನಲ್ಲಿ ಇಳಿಯುತ್ತಿದ್ದದ್ದೂ, ಮೇಲೆ ಬರುತ್ತಿದ್ದದ್ದೂ ಕೇಜಿನಲ್ಲೇ. ಕಾರು ಪಲ್ಟಿಯಾದಾಗ ಛಾವಣಿ ತಲೆಗೆ ಬಡಿಯದಂತೆ ಒಳಗೆ ಕಟ್ಟುವ ಪೈಪಿನ ಚೌಕಟ್ಟಿಗೂ ರೋಲ್ ಕೇಜ್ ಎಂದೇ ಹೆಸರು. ಕೆಲಸವೂ ಅದೇ: ಒಳಗಿದ್ದವರನ್ನು ಜೀವಂತವಾಗಿ ಹೊರಗೆ ತರುವುದು.

● ಅಂತರರಾಷ್ಟ್ರೀಯ ಮೋಟಾರ್ ಒಕ್ಕೂಟ ಎಫ್‌ಐಎ ಪ್ರಕಾರ ಕೇಜಿನ ಮುಖ್ಯ ಕಮಾನಿಗೆ 45 ಮಿ.ಮೀ. ವ್ಯಾಸ, 2.5 ಮಿ.ಮೀ. ದಪ್ಪದ, ಇಲ್ಲವೇ 50 ಮಿ.ಮೀ. ವ್ಯಾಸ, 2 ಮಿ.ಮೀ. ದಪ್ಪದ ಉಕ್ಕಿನ ಪೈಪು ಬೇಕು. ಅದರ ಉದ್ದಕ್ಕೂ ಬೆಸುಗೆಯ ಗೆರೆ ಇರಕೂಡದು. ಗೇಟು, ಗ್ರಿಲ್ಲುಗಳಿಗೆ ತರುವ ಪೈಪು ನೋಡಲು ಹಾಗೆಯೇ ಇದ್ದರೂ ಹೊಡೆತಕ್ಕೆ ಸೀಳಬಹುದು. ಸತು ಲೇಪಿಸಿದ ಜಿಐ ಪೈಪಂತೂ ಬೇಡವೇ ಬೇಡ; ವೆಲ್ಡಿಂಗಿನ ಬಿಸಿಗೆ ಸತುವಿನ ಹೊಗೆ ಎದ್ದು, ಬೆಸೆಯುವವರಿಗೇ ಚಳಿಜ್ವರ ಬರಿಸುತ್ತದೆ.

● ಕೇಜಿನ ಕಾಲನ್ನು ನೇರವಾಗಿ ತಗಡಿಗೆ ಬೆಸೆದರೆ ಪಲ್ಟಿಯಾದಾಗ ಅದು ನೆಲ ತೂತು ಮಾಡಿಕೊಂಡು ಹೊರಬರುತ್ತದೆ. ಪ್ರತಿ ಕಾಲಿನಡಿ ಕನಿಷ್ಠ 120 ಚದರ ಸೆಂ.ಮೀ. ವಿಸ್ತೀರ್ಣದ, 3 ಮಿ.ಮೀ. ದಪ್ಪದ ಪ್ಲೇಟು ಕೊಟ್ಟು ಭಾರ ಹರಡಬೇಕು. ಬೋಲ್ಟು ಹಾಕುವುದಾದರೆ ಕಾಲಿಗೆ ಕನಿಷ್ಠ ಮೂರು, 8 ಮಿ.ಮೀ., ತಲೆಯ ಮೇಲೆ 8.8 ಎಂದು ಕೊರೆದದ್ದು.

● ಕೇಜ್ ಇರುವ ಕಾರಿನಲ್ಲಿ ಹೆಲ್ಮೆಟ್ ಇಲ್ಲದೆ ಓಡಾಡುವುದು ಕೇಜ್ ಇಲ್ಲದ ಕಾರಿಗಿಂತ ಅಪಾಯ. ಸಣ್ಣ ಡಿಕ್ಕಿಯಾದರೂ ತಲೆ ಹೋಗಿ ಬಡಿಯುವುದು ಉಕ್ಕಿನ ಪೈಪಿಗೆ. ಸಂತೆಗೆ, ಶಾಲೆಗೆ ಆ ಕಾರು ತೆಗೆಯಬೇಡಿ.

● ರ್ಯಾಲಿಯ ಬೆಲ್ಟಿನ ಭುಜದ ಪಟ್ಟಿ ಹಿಂದಕ್ಕೆ ಇಳಿಯುವಾಗ 45 ಡಿಗ್ರಿಗಿಂತ ಕಡಿದಾಗಿ ಇಳಿಯಕೂಡದು. ಸೀಟಿನ ಹಿಂದೆಯೇ ನೆಲಕ್ಕೆ ಬಿಗಿದರೆ ಡಿಕ್ಕಿಯ ಹೊತ್ತಿನಲ್ಲಿ ಪಟ್ಟಿ ಭುಜವನ್ನು ಕೆಳಕ್ಕೆ ಎಳೆದು ಬೆನ್ನುಮೂಳೆಯನ್ನು ಅದುಮುತ್ತದೆ. ಬೆಲ್ಟಿಗೂ ಅವಧಿ ಉಂಟು. ಚೀಟಿ ಓದದೆ ಹಳೆಯದನ್ನು ಕೊಳ್ಳಬೇಡಿ.

● ಬ್ರೇಕ್ ಆಯಿಲ್ ಗಾಳಿಯ ತೇವ ಕುಡಿಯುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಗೆ. ತೇವ ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಒಳಗೆ ಕುದಿದು ಆವಿಯಾದರೆ ಪೆಡಲ್ ಹತ್ತಿಯ ಮೇಲೆ ಕಾಲಿಟ್ಟಂತೆ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು. ಇಂಜಿನ್ನಿಗೆ ಕೈ ಹಾಕುವ ಮೊದಲು ಈ ಆಯಿಲ್ ಬದಲಿಸಿ.

● ಮಣ್ಣಿನ ಸ್ಟೇಜಿನಲ್ಲಿ ಒಂದು ಕಲ್ಲು ತಗುಲಿ ಆಯಿಲ್ ಚೇಂಬರ್ ಒಡೆದರೆ ಇಂಜಿನ್ ಕೆಲವೇ ನಿಮಿಷದಲ್ಲಿ ಕಚ್ಚಿಕೊಳ್ಳುತ್ತದೆ. ಅದಕ್ಕೆ ಕೆಳಗೊಂದು ದಪ್ಪ ಗಾರ್ಡ್ ಬೇಕು. ಅದರ ಬೋಲ್ಟು ಚಾಸಿಗೆ ಕೂರಬೇಕು, ಚೇಂಬರಿಗಲ್ಲ.

● ಮಣ್ಣಿಗೆ ಅಗಲದ ಟೈರು ಒಳ್ಳೆಯದೆಂಬುದು ತಪ್ಪು. ಕಿರಿದಾದ ಟೈರು ಸಡಿಲ ಜಲ್ಲಿಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಹಿಡಿಯುತ್ತದೆ. ಅಗಲದ ಟೈರು ಜಲ್ಲಿಯ ಮೇಲೆ ತೇಲುತ್ತದೆ.

● ಕೆಜಿಎಫ್‌ನ ಚಿನ್ನ ಅಡಗಿದ್ದದ್ದು ಬೆಣಚುಕಲ್ಲಿನಲ್ಲಿ, ಅಂದರೆ ಸ್ಫಟಿಕ ಶಿಲೆಯಲ್ಲಿ. ಅದನ್ನು ಹಿಟ್ಟು ಮಾಡಿ, ಸಯನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯ ರಾಶಿಗಳೇ ಸಯನೈಡ್ ಗುಡ್ಡಗಳು. ಸ್ಫಟಿಕದ ಗಡಸುತನ ಮೋಸ್ ಅಳತೆಯಲ್ಲಿ 7. ಸಾಮಾನ್ಯ ಕಬ್ಬಿಣ ಅದರ ಮುಂದೆ ಮೆತ್ತಗೆ. ಏರ್ ಫಿಲ್ಟರಿನ ಅಂಚಿನಲ್ಲಿ ಕೂದಲೆಳೆಯ ಸಂದಿ ಇದ್ದರೂ ಆ ಧೂಳು ಹೊಕ್ಕು ಪಿಸ್ಟನ್ ರಿಂಗ್ ಸವೆಸುತ್ತದೆ. ಮನುಷ್ಯನ ಶ್ವಾಸಕೋಶಕ್ಕೆ ಮಾಡುವ ಹಾನಿ ಅದಕ್ಕಿಂತ ದೊಡ್ಡದು: ಗಣಿಯವರನ್ನು ಕಾಡಿದ ಸಿಲಿಕೋಸಿಸ್ ಇದೇ ಕಲ್ಲುಧೂಳಿನ ಕಾಯಿಲೆ. ಆ ಗುಡ್ಡಗಳನ್ನು ಅಭ್ಯಾಸದ ಮೈದಾನ ಮಾಡಿಕೊಂಡು, ಕೆಳಗಿನ ಮನೆಗಳ ಮೇಲೆ ಧೂಳೆಬ್ಬಿಸಬೇಡಿ.

● ರ್ಯಾಲಿ ಕಾರಿನ ಹೊರಗೆ ಬಿಳಿ ಅಂಚಿನ ನೀಲಿ ತ್ರಿಕೋನ, ಅದರೊಳಗೆ ಕೆಂಪು ಮಿಂಚು ಕಂಡರೆ ಅಲ್ಲಿ ಕಟ್-ಆಫ್ ಸ್ವಿಚ್ ಇದೆ ಎಂದರ್ಥ. ಅದನ್ನು ತಿರುಗಿಸಿದರೆ ಕರೆಂಟೂ ನಿಲ್ಲುತ್ತದೆ, ಇಂಜಿನ್ನೂ ನಿಲ್ಲುತ್ತದೆ. ಅಪಘಾತವಾದಾಗ ಓಡಿ ಬಂದ ಯಾರು ಬೇಕಾದರೂ ತಿರುಗಿಸಲಿ ಎಂದೇ ಈ ಗುರುತು.

● ಪಕ್ಕದ ಸೀಟಿನವರು ದಾರಿ ಓದದಿದ್ದರೆ ಡ್ರೈವರ್ ಕುರುಡ. 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ಸಾವಿರ ಮೈಲಿಯ ಓಟವನ್ನು ಸ್ಟರ್ಲಿಂಗ್ ಮಾಸ್ ಗೆದ್ದಾಗ, ಪಕ್ಕದಲ್ಲಿದ್ದ ಡೆನಿಸ್ ಜೆಂಕಿನ್‌ಸನ್ ದಾರಿಯ ವಿವರಗಳನ್ನು ಉದ್ದನೆಯ ಕಾಗದದ ಸುರುಳಿಯಲ್ಲಿ ಬರೆದುಕೊಂಡಿದ್ದರು. ಗದ್ದಲದಲ್ಲಿ ಮಾತು ಕೇಳದೆಂದು ಕೈಸನ್ನೆಯಲ್ಲೇ ತಿರುವು ತಿಳಿಸಿದರು. ನಮ್ಮ ಗಡಿಯ ಕಾಸರಗೋಡಿನ ಮೊಗ್ರಾಲಿನ ಮೂಸಾ ಶರೀಫ್ ದೇಶದ ಹೆಸರಾಂತ ನ್ಯಾವಿಗೇಟರ್, ಅಂದರೆ ಹೀಗೆ ದಾರಿ ಓದುವವರು. ರ್ಯಾಲಿ ಚಾಲಕ ಗೌರವ್ ಗಿಲ್ ಪಕ್ಕದಲ್ಲೂ ಕೂತವರು. ನೋಟ್ಸ್ ಇಂಗ್ಲಿಷಿನಲ್ಲೇ ಇರಬೇಕೆಂದಿಲ್ಲ. “ನೂರು, ಎಡ ನಾಲ್ಕು, ಗುಂಡಿ, ಬಲ ಎರಡು ಬಿಗಿ” ಎಂದರೂ ಕಾರು ತಿರುಗುತ್ತದೆ; ನೂರು ಎಂದರೆ ಮೀಟರ್, ನಾಲ್ಕು, ಎರಡು ಎಂದರೆ ತಿರುವು ಎಷ್ಟು ಕಡಿದು ಎಂಬ ಅಂಕಿ.

● ಕೆಎ-08 ಕೆಜಿಎಫ್‌ನ ನೋಂದಣಿ ಸಂಖ್ಯೆ. ಅದು ಯಾವ ಕಾರಿನ ಮೇಲಿದ್ದರೂ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ: ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. 189ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ವೇಗದ ಪೈಪೋಟಿ ನಡೆಸುವುದೂ ಅಪರಾಧ, ಸೇರುವುದೂ ಅಪರಾಧ. ಏನನ್ನೇ ಬದಲಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಸ್ಪರ್ಧೆ ನಡೆಸುವ ಕ್ಲಬ್ಬಿನಿಂದ ನಿಯಮಗಳ ಪುಸ್ತಕ ಪಡೆಯಿರಿ.

● ರಸ್ತೆ ಮುಚ್ಚಿದರೂ ಸಾಲದು, ಅದು ಊರಿನ ಪ್ರತಿಯೊಬ್ಬರಿಗೂ ಗೊತ್ತಿರಬೇಕು. 2019ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಜಿಲ್ಲೆಯ ರ್ಯಾಲಿಯಲ್ಲಿ ಸ್ಟೇಜಿನೊಳಕ್ಕೆ ಬೈಕೊಂದು ಬಂದು, ಒಂದೇ ಕುಟುಂಬದ ಮೂವರು ತೀರಿಕೊಂಡರು.

● ಕಾರಿಗೆ ಒಂದು ಬೋಲ್ಟೂ ಬದಲಿಸದೆ ಶುರು ಮಾಡುವ ದಾರಿಯೂ ಇದೆ. ಅದರ ಹೆಸರು ಟಿಎಸ್‌ಡಿ: ಕೊಟ್ಟ ದೂರವನ್ನು ಕೊಟ್ಟ ಸರಾಸರಿ ವೇಗದಲ್ಲಿ ಮುಗಿಸಬೇಕು. ತಡವಾದರೆ ದಂಡ, ಬೇಗ ಬಂದರೂ ದಂಡ. ಲೆಕ್ಕ ಬಲ್ಲ ಅಕ್ಕ, ಕಾರು ಬಿಡುವ ತಮ್ಮ ಇದ್ದರೆ ಸಾಕು.

● ಕರ್ನಾಟಕದಲ್ಲಿ ರ್ಯಾಲಿ ಹೊರಗಿನಿಂದ ತಂದ ಗಿಡವಲ್ಲ. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ಹೆಸರು ದೇಶದ ರ್ಯಾಲಿಗರೆಲ್ಲರಿಗೂ ಗೊತ್ತು. ಚಿಕ್ಕಮಗಳೂರಿನ ಕಾಫಿ ತೋಟಗಳ ದಾರಿಯಲ್ಲಿ ಏಷ್ಯಾ ಪೆಸಿಫಿಕ್ ಮಟ್ಟದ ರ್ಯಾಲಿಯೇ ನಡೆದಿದೆ. 2019ರಲ್ಲಿ ಗೌರವ್ ಗಿಲ್‌ಗೆ ಅರ್ಜುನ ಪ್ರಶಸ್ತಿ ಬಂದಾಗ, ಮೋಟಾರು ಕ್ರೀಡೆಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು.

● ರ್ಯಾಲಿಗೆ ಹೊರಟವರ ಕೈಗೆ ಒಂದು ಹಾಳೆ ಕೊಟ್ಟಿರುತ್ತಾರೆ. ಒಂದು ಬದಿ ಕೆಂಪಿನಲ್ಲಿ ‘ಎಸ್‌ಒಎಸ್’, ಇನ್ನೊಂದು ಬದಿ ಹಸಿರಿನಲ್ಲಿ ‘ಓಕೆ’. ಕಾರು ಕೆಟ್ಟು ಅಥವಾ ಮಗುಚಿ ನಿಂತರೆ ಹಿಂದಿನಿಂದ ಬರುವವರಿಗೆ ಅದನ್ನು ತೋರಿಸಬೇಕು. ಕೆಂಪು ಕಂಡ ಕಾರು, ತನ್ನ ಗೆಲುವು ಹೋದರೂ ಸರಿ, ನಿಂತು ನೆರವಾಗಲೇಬೇಕು. ಪಲ್ಟಿಯಾದ ಕಾರಿನ ಪಕ್ಕ ನಿಂತು ಇಬ್ಬರೂ ಹಸಿರು ಬದಿ ತೋರಿಸುವಂತಾಗಲಿ ಎಂದೇ ಮೇಲೆ ಹೇಳಿದ ಪೈಪು, ಪ್ಲೇಟು, ಬೆಲ್ಟು, ಬ್ರೇಕ್ ಆಯಿಲ್ ಎಲ್ಲವೂ. ದುಡ್ಡು ಸಾಲದಿದ್ದರೆ ಇಂಜಿನ್ ಕೆಲಸವನ್ನು ಮುಂದಿನ ವರ್ಷಕ್ಕಿಡಿ. ಕೇಜಿನ ಕೆಲಸ ಈ ವರ್ಷವೇ ಮುಗಿಯಲಿ.