ಖರ್ಚಿಗೆ ತಕ್ಕ ಗುಣ ಸಿಕ್ಕಿತೇ?

ಆಸ್ಪತ್ರೆಯ ಯೋಗ್ಯತೆಯನ್ನು ಕಟ್ಟಡ, ಯಂತ್ರ ನೋಡಿ ಹೇಳಲಾಗದು. ರೋಗಿ ಎಷ್ಟು ಗುಣವಾದರು, ಅದಕ್ಕೆಷ್ಟು ಖರ್ಚಾಯಿತು ಎಂಬ ಎರಡನ್ನೂ ಸೇರಿಸಿ ಅಳೆಯಬೇಕು.

ನಮ್ಮ ರಾಜ್ಯದಲ್ಲೇ ಹೀಗೆ ಅಳೆದದ್ದುಂಟು. ಬಿಪಿಎಲ್ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್‌ನಂಥ ಕಾಯಿಲೆಗಳ ಉಚಿತ ಚಿಕಿತ್ಸೆಗಾಗಿ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಕರ್ನಾಟಕದಲ್ಲಿ ಆರಂಭವಾಯಿತು. ಯೋಜನೆ ಇದ್ದ ಮತ್ತು ಇಲ್ಲದ 572 ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಈ ಕಾಯಿಲೆಗಳಿಂದ ಬಡವರ ಸಾವಿನ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ. 0.90, ಇದ್ದ ಕಡೆ ಶೇ. 0.32. ದೊಡ್ಡಾಸ್ಪತ್ರೆಗೆ ಸೇರಿದವರು ಕೈಯಿಂದ ಕೊಟ್ಟ ಹಣವೂ ಶೇ. 34ರಷ್ಟು ಕಡಿಮೆ.

ಪಾಲಾರ್ ಕಡೆಯವರಿಗೆ ಬಸ್ ಚಾರ್ಜು, ಜೊತೆಗೆ ಬಂದವರು ಬಿಟ್ಟ ಕೂಲಿ ಕೂಡ ಖರ್ಚೇ. ಬಿಲ್ಲಿನಲ್ಲಿ ಅದು ಕಾಣದು. ಮರುತಪಾಸಣೆಗೆ ಬಂದಾಗ ಅದನ್ನೂ ದಾದಿಯರಿಗೆ ತಿಳಿಸಿ. ನೋವು ತಗ್ಗಿದೆಯೇ, ಹೊಲದ ಕೆಲಸ ಮಾಡಲಾಗುತ್ತಿದೆಯೇ, ಬಿಡಿಸಿ ಹೇಳಿ. ‘ಪರವಾಗಿಲ್ಲ ಸಿಸ್ಟರ್’ ಎಂದಷ್ಟೇ ಅಂದರೆ ನಾವು ಬರೆದುಕೊಳ್ಳುವುದಾದರೂ ಏನನ್ನು?