ಕಲ್ಲಿನ ಗೋಡೆ, ಕಾಂಡ್ಲಾ ಕಾಡು, ಕಗ್ಗದ ಗದ್ದೆ

ಬೆಂಗಳೂರಿನ ಮಲ್ಲೇಶ್ವರದ 18ನೇ ಅಡ್ಡರಸ್ತೆಯಲ್ಲಿ ಅರಣ್ಯ ಇಲಾಖೆಯ ಕೇಂದ್ರ ಕಚೇರಿಯಾದ ಅರಣ್ಯ ಭವನವೂ ಕರ್ನಾಟಕ ಜೀವವೈವಿಧ್ಯ ಮಂಡಳಿಯೂ ಇವೆ. ಕಡಲ ಗಾಳಿಯೂ ಸೋಕದ, ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದ ಈ ಬಡಾವಣೆಗೆ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಲೆಕ್ಕವೂ ಕಡಲಾಮೆಗಳ ರಕ್ಷಣೆಯೂ ಕಡತಗಳಾಗಿ ಬಂದು ಸೇರುತ್ತವೆ. ನೆರೆ, ಚಂಡಮಾರುತಗಳ ಕಡತ ಕಂದಾಯ ಇಲಾಖೆಗೆ ಹೋಗುತ್ತದೆ, ಕಡಲ ತಡೆಗೋಡೆಯದು ಬಂದರು ಇಲಾಖೆಗೆ. ದಡದ ಊರುಗಳಲ್ಲಿ ಒಂದೇ ಆಗಿರುವ ಬದುಕಿನ ಪ್ರಶ್ನೆ ರಾಜಧಾನಿಯಲ್ಲಿ ಹೀಗೆ ಮೂರು ಪಾಲಾಗಿರುವುದೇ ಕರಾವಳಿಯ ವಿಪತ್ತು ಸಿದ್ಧತೆಯ ಮುಖ್ಯ ತೊಡಕು.

ಸುಮಾರು 320 ಕಿಲೋಮೀಟರ್ ಉದ್ದದ ಕರ್ನಾಟಕದ ಕರಾವಳಿಗೆ ಒಡಿಶಾ, ಆಂಧ್ರಗಳಷ್ಟು ಚಂಡಮಾರುತಗಳ ಕಾಟವಿಲ್ಲವಾದರೂ, 2021ರ ಮೇ ತಿಂಗಳಲ್ಲಿ ತೀರದಾಚೆಯೇ ಹಾದುಹೋದ ತೌಕ್ತೆಯೂ ಇಲ್ಲಿನ ದಡಗಳಿಗೆ ಹಾನಿ ಮಾಡದೆ ಬಿಡಲಿಲ್ಲ. ವರ್ಷವರ್ಷವೂ ಕಾಡುವುದು ಮಾತ್ರ ಕಡಲ್ಕೊರೆತ. ಮುಂಗಾರಿನ ಅಲೆಗಳು ದಡದ ಮರಳನ್ನು ಸೆಳೆದೊಯ್ಯುತ್ತವೆ, ಮಳೆಗಾಲದ ಬಳಿಕದ ಅಲೆಗಳು ಅದರ ಬಹುಪಾಲನ್ನು ಹಿಂದಿರುಗಿಸುತ್ತವೆ. ಓರೆಯಾಗಿ ಬಡಿಯುವ ಅಲೆಗಳು ಅದೇ ಮರಳನ್ನು ದಡದುದ್ದಕ್ಕೂ ಸಾಗಿಸುತ್ತಿರುತ್ತವೆ. ಈ ಸಾಗಾಟಕ್ಕೆ ಅಲೆತಡೆಗೋಡೆ ಅಡ್ಡವಾದರೆ ಒಂದು ಬದಿಯಲ್ಲಿ ಮರಳು ಗುಡ್ಡೆಯಾಗಿ ಇನ್ನೊಂದು ಬದಿ ಬರಿದಾಗುತ್ತದೆ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವಲ್ಲಿಂದ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಬಂಡೆಗಲ್ಲು ಸುರಿದು, ಅವು ಹೂತುಹೋಗಿ, ಮತ್ತೆ ಸುರಿದ ಮೇಲೆ, ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಅಲೆಯ ಬಿರುಸನ್ನು ಕಡಲೊಳಗೇ ಮುರಿಯುವ ಕೃತಕ ದಿಬ್ಬಗಳನ್ನು ಕಟ್ಟಲಾಯಿತು. ಕಲ್ಲು ಹಾಕಿದ ಕಡೆ ಮನೆ ಉಳಿಯಬಹುದು. ಆದರೆ ಕೊರೆತ ಪಕ್ಕದೂರಿಗೆ ಸರಿಯುತ್ತದೆ, ಆಮೆಗೆ ಮೊಟ್ಟೆಯಿಡಲು ಮರಳು ದಂಡೆ ಇಲ್ಲವಾಗುತ್ತದೆ. ಆ ಕಲ್ಲು ಒದಗಿಸಿದ ಗುಡ್ಡದ ಗತಿಯನ್ನಂತೂ ಯಾರೂ ಕೇಳುವುದಿಲ್ಲ.

ಕಲ್ಲಿನ ತಡೆಗಿಂತ ಹಳೆಯದಾದ ಕ್ರಮವೊಂದು ಕುಮಟಾ ತಾಲ್ಲೂಕಿನ ಅಘನಾಶಿನಿಯ ಅಳಿವೆಯಲ್ಲಿದೆ. ಅಳಿವೆಯೆಂದರೆ ನದಿ ಕಡಲನ್ನು ಕೂಡುವ, ಸಿಹಿನೀರೂ ಉಪ್ಪುನೀರೂ ಬೆರೆಯುವ ತಾಣ. ದೊಡ್ಡ ಅಣೆಕಟ್ಟುಗಳಿಲ್ಲದೆ ಹರಿಯುವ ಈ ನದಿಯ ಅಳಿವೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲಗಳ ಪಟ್ಟಿಗೆ, ಸೇರಿತು. ಉಬ್ಬರದ ನೀರು ನುಗ್ಗದಂತೆ ಒಡ್ಡು ಹಾಕಿ ಪಡೆದ ಇಲ್ಲಿನ ತಗ್ಗು ಹೊಲಗಳಿಗೆ ಗಜನಿ ಎಂದು ಹೆಸರು. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ರೈತರು ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಎರಚುತ್ತಾರೆ, ಗೊಬ್ಬರವಿಲ್ಲ, ಔಷಧವಿಲ್ಲ. ಎತ್ತರಕ್ಕೆ ಬೆಳೆಯುವ ಈ ಪೈರು ಕೆಲವು ದಿನ ನೆರೆಯಲ್ಲಿ ಮುಳುಗಿದರೂ, ಉಪ್ಪುನೀರು ತಾಗಿದರೂ ತಾಳಿಕೊಳ್ಳುತ್ತದೆ. ಕೊಯ್ಲಿನಲ್ಲಿ ತೆನೆಯನ್ನಷ್ಟೇ ತೆಗೆದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ; ತೂಬಿನ ಹಲಗೆ ಎತ್ತಿ ಉಬ್ಬರದ ನೀರನ್ನು ಒಳಗೆ ಬಿಟ್ಟಾಗ ಆ ಹುಲ್ಲು ಕೊಳೆತು ಸಿಗಡಿ, ಮೀನುಗಳಿಗೆ ಮೇವಾಗುತ್ತದೆ, ಮೀನನ್ನು ಅರಸಿ ಹಕ್ಕಿಗಳು ಬರುತ್ತವೆ. ಒಡ್ಡಿನ ಹೊರಬದಿಯ ಕೆಸರಿನಲ್ಲಿ ಆಸರೆಬೇರು ಇಳಿಸಿ ನಿಲ್ಲುವ ಕಾಂಡ್ಲಾ ಅಲೆಯ ಹೊಡೆತವನ್ನು ತಗ್ಗಿಸಿ ಮಣ್ಣನ್ನು ಹಿಡಿದಿಡುತ್ತದೆ. ಮೀನಿನ ಮರಿಗಳಿಗೆ ಅದರ ಬೇರುಗಳ ಸಂದುಗಳೇ ತೊಟ್ಟಿಲು.

ಸಿಗಡಿಗೆ ಒಳ್ಳೆಯ ದರ ಬಂದ ಕಾಲದಲ್ಲಿ ಅನೇಕ ಗಜನಿಗಳು ವರ್ಷವಿಡೀ ಉಪ್ಪುನೀರಿನ ಹೊಂಡಗಳಾದವು, ಕಗ್ಗದ ವಿಸ್ತೀರ್ಣ ಕುಗ್ಗಿತು. ಇದೇ ಅಳಿವೆಯ ದಡದ ಮಾಣಿಕಟ್ಟಾದಲ್ಲಿ ರೈತರು ಒಟ್ಟುಗೂಡಿ ಸಾಮೂಹಿಕವಾಗಿ ಕಗ್ಗ ಬೆಳೆದು ಬೀಜವನ್ನು ಉಳಿಸಿಕೊಂಡದ್ದು ಈ ಬದಲಾವಣೆಗೆ ಎದುರಾದ ಪ್ರಯತ್ನ.

ಕಾಂಡ್ಲಾ ಕಾಡು ಜೀವ ಉಳಿಸುತ್ತದೆಂಬುದಕ್ಕೆ ಆಧಾರವಿದೆ: 1999ರ ಒಡಿಶಾದ ಮಹಾಚಂಡಮಾರುತದಲ್ಲಿ ಕೇಂದ್ರಾಪಡಾ ಜಿಲ್ಲೆಯ ಹಳ್ಳಿಗಳನ್ನು ಕುರಿತ ಅಧ್ಯಯನವು, ಕಡಲಿಗೂ ಊರಿಗೂ ನಡುವೆ ಕಾಂಡ್ಲಾ ಹೆಚ್ಚು ಅಗಲವಾಗಿದ್ದಲ್ಲಿ ಸಾವು ಕಡಿಮೆಯಾಗಿತ್ತೆಂದು ತೋರಿಸಿತು. ಹಾಗೆಂದು ಗಿಡ ನೆಟ್ಟು ನಿಶ್ಚಿಂತರಾಗುವಂತಿಲ್ಲ; 2004ರ ಸುನಾಮಿಯಲ್ಲಿ ಕಾಡು ಎಷ್ಟು ಕಾಪಾಡಿತೆಂಬ ಬಗ್ಗೆ ವಿಜ್ಞಾನಿಗಳಲ್ಲೇ ಭಿನ್ನಮತವಿದ್ದು, ಅಂಥ ಹೊತ್ತಿಗೆ ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದ ಮುನ್ಸೂಚನೆ ಸಕಾಲದಲ್ಲಿ ಮೀನುಗಾರರ ಕೇರಿಯನ್ನು ಮುಟ್ಟುವುದೂ ಜನ ಎತ್ತರದ ಜಾಗಕ್ಕೆ ಸರಿಯುವುದೂ ಮುಖ್ಯ. ಅದಲ್ಲದೆ 2021ರ ಅರಣ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿರುವ ಕಾಂಡ್ಲಾ ಕೇವಲ 13 ಚದರ ಕಿಲೋಮೀಟರ್.

2002ರ ಜೀವವೈವಿಧ್ಯ ಕಾಯ್ದೆಯಂತೆ ಪಂಚಾಯಿತಿ ಮಟ್ಟದ ಸಮಿತಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು, ಅಂದರೆ ಊರಿನ ಬೆಳೆ, ಗಿಡಮರ, ಪ್ರಾಣಿಪಕ್ಷಿ ಹಾಗೂ ಅವುಗಳ ಕುರಿತ ಜನರ ತಿಳಿವಳಿಕೆಯ ಪಟ್ಟಿಯನ್ನು, ಸಿದ್ಧಪಡಿಸಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲೆಗೊಂದು ವಿಪತ್ತು ಯೋಜನೆ ಇರಬೇಕು. ಕಗ್ಗ, ಕಾಂಡ್ಲಾ, ಒಡ್ಡು ಮೂರಕ್ಕೂ ಎರಡು ಪುಸ್ತಕಗಳಲ್ಲೂ ಜಾಗ ಸಲ್ಲಬೇಕು. ಹಾಗಾದರೆ ಒಡ್ಡಿನ ದುರಸ್ತಿ ಕೃಷಿಯ ಸಣ್ಣ ಕಾಮಗಾರಿಯೆನಿಸದೆ ನೆರೆ ತಡೆಯುವ ಕೆಲಸವೆನಿಸಿ, ಅದಕ್ಕೆ ಹಣ ಕೇಳಲು ಪಂಚಾಯಿತಿಗೆ ಆಧಾರ ಸಿಕ್ಕೀತು; ಆ ಹಣ ಮಾತ್ರ ಮೇ ತಿಂಗಳೊಳಗೆ ಬರಬೇಕು, ಏಕೆಂದರೆ ಜೂನ್ ಮಳೆ ಹಿಡಿದ ಮೇಲೆ ಒಡ್ಡಿಗೆ ಹಾಕಿದ ಹಸಿಮಣ್ಣು ನಿಲ್ಲುವುದಿಲ್ಲ.